ಬಸುರಿಯ ಊಟದಲ್ಲಿ ಪಾದರಸ: ಗೊಂದಲದ ಹಿನ್ನೆಲೆ

ಮೀನು ತಿನ್ನಬೇಡಿ, ಅದರಲ್ಲಿ ಪಾದರಸವಿದೆ ಎನ್ನುತ್ತದೆ ಮೊಬೈಲಿಗೆ ಬಂದ ಸಂದೇಶ. ಮಗುವಿನ ಬುದ್ಧಿ ಚುರುಕಾಗಲು ಮೀನು ಬೇಕು ಎನ್ನುತ್ತಾರೆ ಅತ್ತೆ. ಕೊಡಗಿನ ಎಷ್ಟೋ ಮನೆಗಳಲ್ಲಿ ಬಸುರಿ ಈ ಎರಡರ ನಡುವೆ ಸಿಕ್ಕಿ, ಕೊನೆಗೆ ಮತ್ತಿ ಸಾರನ್ನೇ ಬಿಟ್ಟುಬಿಡುತ್ತಾಳೆ. ಎರಡೂ ಮಾತಿಗೆ ಆಧಾರವಿದೆ. ಆದರೆ ಅವು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಮೀನಿನ ಬಗ್ಗೆ ಹುಟ್ಟಿದವು.

ಗಣಿ ಕೆಲಸಗಾರರಿಗೂ ಟೋಪಿ ತಯಾರಕರಿಗೂ ಪಾದರಸ ವಿಷವೆಂಬುದು ಶತಮಾನಗಳಿಂದ ಗೊತ್ತಿತ್ತು. ಗರ್ಭದ ಪ್ರಶ್ನೆ ಎದ್ದದ್ದು ಜಪಾನಿನ ಮಿನಮಾಟದಲ್ಲಿ. ಕಾರ್ಖಾನೆಯ ನೀರಿನೊಡನೆ ಕೊಲ್ಲಿ ಸೇರಿದ, ಪಾದರಸದ ಸಾವಯವ ರೂಪವಾದ ಮೀಥೈಲ್ ಪಾದರಸ ಮೀನು, ಚಿಪ್ಪುಗಳಲ್ಲಿ ಶೇಖರವಾಗಿ ಜನರ ನರಮಂಡಲವನ್ನು ಕೆಡಿಸಿತ್ತು. 1956ರ ಮೇ 1ರಂದು ಕಾಯಿಲೆ ಅಧಿಕೃತವಾಗಿ ದಾಖಲಾಯಿತು.

ಅದೇ ಊರಿನಲ್ಲಿ ಕತ್ತು ನಿಲ್ಲದ, ಸರಿಯಾಗಿ ನುಂಗಲಾಗದ, ಮಾತು ಬಾರದ ಮಕ್ಕಳೂ ಇದ್ದರು. ಅವರು ಮೀನು ತಿಂದವರಲ್ಲ. ಗರ್ಭದ ಕೂಸನ್ನು ಪೋಷಿಸುವ ಮಾಸು (ಪ್ಲಾಸೆಂಟಾ) ವಿಷವನ್ನು ತಡೆಯುತ್ತದೆ ಎಂದು ನಂಬಿದ್ದ ವೈದ್ಯರು ಅವರ ಕಾಯಿಲೆಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ಹಾನಿಯಿಂದ ಅಂಗಗಳ ಹಿಡಿತ ತಪ್ಪುವ ತೊಂದರೆ, ಎಂಬ ಹೆಸರು ಕೊಟ್ಟರು. ಯುವ ವೈದ್ಯ ಮಸಾಜುಮಿ ಹರಾಡ ಒಂದು ಮನೆಗೆ ಹೋದಾಗ ಒಂದೇ ಬಗೆಯ ಲಕ್ಷಣಗಳಿದ್ದ ಇಬ್ಬರು ಅಣ್ಣತಮ್ಮಂದಿರನ್ನು ಕಂಡರು. ಮೀನು ತಿಂದಿದ್ದ ಅಣ್ಣನದು ಮಿನಮಾಟ ಕಾಯಿಲೆ, ತಿನ್ನದ ತಮ್ಮನದು ಬೇರೇನೋ ಎಂದು ಬರೆದಿಡಲಾಗಿತ್ತು. ತಾನು ತಿಂದ ಮೀನಿನ ವಿಷವೇ ಹೊಟ್ಟೆಯಲ್ಲಿದ್ದ ಕೂಸಿಗೆ ಹೋಗಿದೆ ಎಂದು ತಾಯಿ ಹೇಳಿದರು. ವೈದ್ಯಶಾಸ್ತ್ರ ಆ ಮಾತನ್ನು ಒಪ್ಪಿದ್ದು ಶವಪರೀಕ್ಷೆಗಳಾದ ಮೇಲೆ, 1962ರಲ್ಲಿ. 16 ಮಕ್ಕಳಿಗೆ ಕಾಯಿಲೆ ಗರ್ಭದಲ್ಲೇ ತಗಲಿತ್ತೆಂದು ಆಗ ಗುರುತಿಸಲಾಯಿತು. ಒಣಗಿದ ಹೊಕ್ಕುಳಬಳ್ಳಿಯ ತುಂಡನ್ನು ಪುಟ್ಟ ಪೆಟ್ಟಿಗೆಯಲ್ಲಿಟ್ಟು ಕಾಪಾಡುವ ರೂಢಿ ಜಪಾನಿನಲ್ಲಿದೆ. ಮುಂದೆ ಆ ತುಂಡುಗಳನ್ನು ಪರೀಕ್ಷಿಸಿದಾಗ, ಕಾರ್ಖಾನೆಯ ಉತ್ಪಾದನೆ ಹೆಚ್ಚಿದ್ದ ವರ್ಷಗಳಲ್ಲಿ ಹುಟ್ಟಿದವರ ಬಳ್ಳಿಯಲ್ಲಿ ಪಾದರಸವೂ ಹೆಚ್ಚಿತ್ತು. ಆ ಮಕ್ಕಳ ತಾಯಂದಿರಲ್ಲಿ ಹಲವರಿಗೆ ಸಣ್ಣಪುಟ್ಟ ತೊಂದರೆಯಷ್ಟೇ ಇತ್ತು. ಬಸುರಿ ಗಟ್ಟಿಮುಟ್ಟಾಗಿದ್ದಾಳೆ ಎಂದ ಮಾತ್ರಕ್ಕೆ ಮಗುವೂ ಕ್ಷೇಮ ಎನ್ನುವಂತಿಲ್ಲ.

ಅಮೈನೋ ಆಮ್ಲಗಳು ಪ್ರೋಟೀನಿನ ಕಟ್ಟಡದ ಕಲ್ಲುಗಳು. ಮೀಥೈಲ್ ಪಾದರಸ ಸಿಸ್ಟೀನ್ ಎಂಬ ಅಮೈನೋ ಆಮ್ಲದ ಜೊತೆ ಸೇರಿದಾಗ ಮೆಥಿಯೋನಿನ್ ಎಂಬ ಇನ್ನೊಂದನ್ನು ಹೋಲುತ್ತದೆ. ಹಾಗಾಗಿ ಪೋಷಕಾಂಶಗಳು ಹೋಗುವ ದಾರಿಯಲ್ಲೇ ಮಾಸನ್ನು ದಾಟುತ್ತದೆ. ಹೊಕ್ಕುಳಬಳ್ಳಿಯ ರಕ್ತದಲ್ಲಿ ಅದು ತಾಯಿಯ ರಕ್ತದಲ್ಲಿರುವುದರ ಸರಾಸರಿ 1.7 ಪಟ್ಟು ಇರುತ್ತದೆ. ಆಗ ಕೂಸಿನ ಮಿದುಳಿನ ಕೋಶಗಳು ವಿಭಜನೆಗೊಂಡು, ತಮ್ಮ ತಮ್ಮ ಜಾಗ ಸೇರುತ್ತಿರುತ್ತವೆ. ಪಾದರಸದಿಂದ ಆ ಚಲನೆಯೇ ಅಸ್ತವ್ಯಸ್ತವಾಗುತ್ತದೆ.

ಪಾದರಸ ಊಟಕ್ಕೆ ಬರುವ ದಾರಿ ಮೀನೊಂದೇ ಅಲ್ಲ. 1971-72ರಲ್ಲಿ ಇರಾಕಿನ ಹಳ್ಳಿಗರು ಬಿತ್ತನೆಗೆಂದು ಪಾದರಸ ಲೇಪಿಸಿದ್ದ ಧಾನ್ಯದಿಂದ ರೊಟ್ಟಿ ಮಾಡಿ ತಿಂದರು. 6,530 ಮಂದಿ ಆಸ್ಪತ್ರೆ ಸೇರಿದರು, ಅವರಲ್ಲಿ 459 ಮಂದಿ ಸತ್ತರು. ಬೀಜೋಪಚಾರದ ಪಾದರಸ ನಮಗೂ ಹೊಸದಲ್ಲ. ಶುಂಠಿ ಗಡ್ಡೆ ಕೊಳೆಯದಿರಲೆಂದು ಪಾದರಸದ ಮದ್ದಿನ ನೀರಿನಲ್ಲಿ ಅದ್ದಿ ನೆಡುವಂತೆ ಹಿಂದೆ ಶಿಫಾರಸು ಇತ್ತು. ಭತ್ತದ ಗದ್ದೆಗಳು ಶುಂಠಿ ಗುತ್ತಿಗೆಗೆ ಹೋದ ಕೊಡಗಿನಲ್ಲಿ ಇದನ್ನು ದೂರದ ಸುದ್ದಿಯೆಂದು ತಳ್ಳಿಹಾಕಲಾಗದು. ಭಾರತದಲ್ಲಿ ಬೀಜೋಪಚಾರಕ್ಕೆ ಬಳಕೆಯಲ್ಲಿದ್ದ ಮೆಥಾಕ್ಸಿ ಈಥೈಲ್ ಪಾದರಸ ಕ್ಲೋರೈಡ್ ಎಂಬ ಮದ್ದು ಮೀಥೈಲ್ ಪಾದರಸದಷ್ಟು ಸಲೀಸಾಗಿ ಗರ್ಭಕ್ಕೆ ಇಳಿಯುವುದಿಲ್ಲ, ನಿಜ. ಆದರೂ ಅದಕ್ಕೆ ಪೂರ್ಣ ನಿಷೇಧ ಬಂದದ್ದು 2018ರಲ್ಲಿ. ಇರಾಕಿನ ದುರಂತ ಕಳೆದು ನಾಲ್ಕು ದಶಕ ದಾಟಿದ ಮೇಲೆ! ಗದ್ದೆಗಿಳಿಯುವ ಕೂಲಿ ಹೆಣ್ಣುಮಕ್ಕಳ ಬಸಿರು ಇಷ್ಟು ಕಾಲ ಯಾರ ಲೆಕ್ಕಕ್ಕೂ ಬರದಿದ್ದುದು ನೋವಿನ ಸಂಗತಿ.

ಗೊಂದಲ ಹುಟ್ಟಿದ್ದು ಇದರ ನಂತರದ ಅಧ್ಯಯನಗಳಿಂದ. ತಿಮಿಂಗಿಲ ಮಾಂಸ ತಿನ್ನುವ, ಉತ್ತರ ಅಟ್ಲಾಂಟಿಕ್ ಸಾಗರದ ಫಾರೋ ದ್ವೀಪಗಳಲ್ಲಿ, ಗರ್ಭದಲ್ಲಿ ಹೆಚ್ಚು ಪಾದರಸ ತಗಲಿದ್ದ ಮಕ್ಕಳು ಏಳನೇ ವಯಸ್ಸಿಗೆ ಭಾಷೆ, ಗಮನ, ನೆನಪಿನಲ್ಲಿ ಹಿಂದಿದ್ದುದನ್ನು 1997ರಲ್ಲಿ ಪ್ರಕಟಿಸಲಾಯಿತು. ಸಮುದ್ರದ ಮೀನನ್ನೇ ನೆಚ್ಚಿದ, ಹಿಂದೂ ಮಹಾಸಾಗರದ ದ್ವೀಪದೇಶ ಸೆಶೆಲ್ಸ್‌ನಲ್ಲಿ ಅಂಥ ಸ್ಪಷ್ಟ ಹಾನಿ ಕಾಣಲಿಲ್ಲ. ಮೀನಿನ ಒಮೆಗಾ-3 ಕೊಬ್ಬು ಮಿದುಳಿಗೆ ಬೇಕಾದದ್ದೇ. ಅಮೆರಿಕದಲ್ಲಿ ಎಚ್ಚರಿಕೆ ಕೊಟ್ಟಾಗ ಬಸುರಿಯರು ಒಳ್ಳೆಯ ಮೀನನ್ನೂ ಕಡಿಮೆ ಮಾಡಿದರು. ಆಮೇಲೆ ಅಲ್ಲಿನ ಸರ್ಕಾರವೇ ಪಾದರಸ ಕಡಿಮೆಯಿರುವ ಮೀನನ್ನು ವಾರಕ್ಕೆ ಎರಡು ಮೂರು ಸಲ ತಿನ್ನಿ ಎನ್ನಬೇಕಾಯಿತು.

ನಮ್ಮ ಸಂತೆಗಳಲ್ಲಿ ಸಿಗುವ ಮತ್ತಿ, ಬಂಗುಡೆ ಚಿಕ್ಕ ಮೀನುಗಳು. ಸಾಮಾನ್ಯವಾಗಿ ಅವುಗಳಲ್ಲಿ ಪಾದರಸ ಕಡಿಮೆ. ಬಿಡಬೇಕಾದದ್ದು ಶಾರ್ಕಿನಂತೆ ಬೇರೆ ಮೀನು ತಿಂದು ಬಹುಕಾಲ ಬದುಕುವ ದೊಡ್ಡ ಮೀನುಗಳನ್ನು. ಮುಖ ಬೆಳ್ಳಗಾಗಿಸುವ ಕೆಲವು ಅಗ್ಗದ ಕ್ರೀಮುಗಳಲ್ಲೂ ಪಾದರಸವಿರುತ್ತದೆ, ಅದರ ಬಗ್ಗೆ ಮಾತೇ ಇಲ್ಲ. ದೇಹ ಸೇರಿದ ಮೀಥೈಲ್ ಪಾದರಸ ಅರ್ಧಕ್ಕೆ ಇಳಿಯಲು ಸುಮಾರು 50 ದಿನ ಬೇಕು. ತಾಯಿ ಕಾರ್ಡ್ ಕೈಗೆ ಬಂದ ಮೇಲೆ ಹೇಳಿದರೆ ತಡವಾಗುತ್ತದೆ. ಮದುವೆಯಾದ ಹೊಸತರಲ್ಲೇ, ಅಂಗನವಾಡಿಯಲ್ಲಿ, ಮೀನಿನ ಹೆಸರು ಹಿಡಿದು ಹೇಳಬೇಕು.