ಸ್ಕ್ಯಾನ್ ನಾರ್ಮಲ್, ಆದರೂ ಕಿಬ್ಬೊಟ್ಟೆ ನೋವು

ಗರ್ಭಕೋಶ ತೆಗೆಸಿದ್ದೇ ನೋವು ಹೋಗಲಿ ಅಂತ. ಗಾಯ ಒಣಗಿ ತಿಂಗಳುಗಳಾಗಿವೆ, ಸ್ಕ್ಯಾನ್‌ನಲ್ಲಿ ಏನೂ ಇಲ್ಲ. ಆದರೂ ಕಿಬ್ಬೊಟ್ಟೆ ಸೆಳೆಯುತ್ತದೆ, ಸ್ವಲ್ಪ ಹೊತ್ತು ಕೂತರೆ ಕೆಳಗೆ ಉರಿ. ಸ್ತ್ರೀರೋಗ ತಜ್ಞೆಯಾಗಿ ನಾನು ಪದೇ ಪದೇ ಕೇಳುವ ದೂರು ಇದು. ಇವರಲ್ಲಿ ಬಹಳ ಜನ "ಎಲ್ಲಾ ಸರಿಯಿದೆ, ಸುಮ್ನೆ ಯೋಚನೆ ಮಾಡಬೇಡಿ" ಅನ್ನಿಸಿಕೊಂಡೇ ಬಂದಿರುತ್ತಾರೆ. ಅದು ನನಗೆ ಬೇಸರದ ಸಂಗತಿ. ಸ್ಕ್ಯಾನ್ ತೋರಿಸುವುದು ಗಡ್ಡೆ, ಕೀವು, ನೀರುಗುಳ್ಳೆ ಇಂಥವನ್ನು. ಹೊಲಿಗೆಯಲ್ಲಿ ಸಿಕ್ಕಿಕೊಂಡ ಸಣ್ಣ ನರ, ಬಿಗಿದುಕೊಂಡ ಸ್ನಾಯು ಅದರಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ.

ಆಪರೇಷನ್ ಆಗಿ 3 ತಿಂಗಳು ದಾಟಿದ ಮೇಲೂ ನೋವು ಉಳಿದರೆ ಅದನ್ನು ದೀರ್ಘಕಾಲದ ನೋವು ಎಂದೇ ನೋಡಬೇಕು. ಅಂಡಾಶಯದ ತುಣುಕು ಉಳಿದಿದೆಯಾ, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವುದು) ಬಾಕಿ ಇದೆಯಾ, ಸೋಂಕು ಇದೆಯಾ ಎಂದು ಮೊದಲು ಪರೀಕ್ಷಿಸುತ್ತೇವೆ. ಅವು ಇಲ್ಲ ಅಂದಮೇಲೆ ಹುಡುಕಾಟ ನಿಲ್ಲಬಾರದು.

ಕಿಬ್ಬೊಟ್ಟೆಗೆ ಅಡ್ಡ ಗಾಯ ಹಾಕಿದಾಗ ಅದರ ಎರಡು ತುದಿಗಳ ಹತ್ತಿರ ನರಗಳು ಹಾದುಹೋಗಿರುತ್ತವೆ. ಒಂದು ನರಕ್ಕೆ ಪೆಟ್ಟಾದರೆ ಗಾಯದ ಒಂದು ಮೂಲೆಯಲ್ಲಿ ಚುಚ್ಚಿದಂತೆ, ತೊಡೆಸಂದಿಗೆ ಇಳಿಯುವಂತೆ ನೋವು. ಪಕ್ಕದಲ್ಲೇ ಮರಗಟ್ಟಿದ ಜಾಗ. ಇದನ್ನು ಹಿಡಿಯಲು ದೊಡ್ಡ ಯಂತ್ರ ಬೇಡ. ಮಲಗಿಸಿ, ನೋಯುವ ಜಾಗದ ಮೇಲೆ ಬೆರಳಿಟ್ಟು, ತಲೆ ಮತ್ತು ಭುಜ ಎತ್ತಲು ಹೇಳುತ್ತೇವೆ. ಹೊಟ್ಟೆ ಬಿಗಿಯಾದಾಗ ನೋವು ಜಾಸ್ತಿಯಾದರೆ ಅದು ಒಳಗಿನ ಅಂಗದ್ದಕ್ಕಿಂತ ಹೊಟ್ಟೆಯ ಗೋಡೆಯದ್ದೇ ಆಗಿರುವ ಸಾಧ್ಯತೆ ಹೆಚ್ಚು. ಆ ಜಾಗಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ನೋಡಬಹುದು. ನೋವು ತಗ್ಗಿದರೆ ಕಾರಣವೂ ಗೊತ್ತಾಯಿತು, ಚಿಕಿತ್ಸೆಯೂ ಶುರುವಾಯಿತು.

ಇನ್ನು ಸ್ನಾಯುಗಳ ಮಾತು. ಮೂತ್ರಕೋಶ, ಯೋನಿ, ಗುದದ್ವಾರವನ್ನು ಕೆಳಗಿನಿಂದ ಹಿಡಿದಿಟ್ಟಿರುವ ಸ್ನಾಯುಗಳ ಹಾಸು ಒಂದಿದೆ, ಪೆಲ್ವಿಕ್ ಫ್ಲೋರ್. ಹೊಟ್ಟೆ ನೋಯುತ್ತಿದ್ದರೆ ದೇಹ ತಾನಾಗಿ ಇದನ್ನು ಬಿಗಿ ಹಿಡಿಯುತ್ತದೆ. ತಿಂಗಳುಗಟ್ಟಲೆ ಹಾಗೇ ಹಿಡಿದರೆ ಆ ಬಿಗಿತವೇ ಹೊಸ ನೋವು. ಕೂರುವಾಗ, ಮಲವಿಸರ್ಜನೆಯಲ್ಲಿ, ಸಂಗದ ವೇಳೆ ಮತ್ತು ಮರುದಿನವೂ ಕಾಡುತ್ತದೆ. ಇಲ್ಲಿ ನಾನು ಗಟ್ಟಿಯಾಗಿ ಹೇಳುವ ಒಂದು ವಿಷಯ: ಬಿಗಿದ ಸ್ನಾಯುವಿಗೆ ಕೆಗೆಲ್ ವ್ಯಾಯಾಮ, ಅಂದರೆ ಈ ಸ್ನಾಯುಗಳನ್ನು ಮತ್ತೆ ಮತ್ತೆ ಬಿಗಿಹಿಡಿಯುವ ಅಭ್ಯಾಸ, ಬೇಡ. ಅದು ಸಡಿಲ ಸ್ನಾಯುವಿಗೆ. ನಿಮಗೆ ಬೇಕಿರುವುದು ಬಿಡುವುದನ್ನು ಕಲಿಯುವುದು. ಹೊಟ್ಟೆ ಉಬ್ಬುವಂತೆ ನಿಧಾನ ಉಸಿರು ತೆಗೆದುಕೊಂಡು, ಅದರ ಜೊತೆ ಕೆಳಗೂ ಸಡಿಲ ಬಿಡಬೇಕು. ಈ ಭಾಗದಲ್ಲಿ ಪರಿಣತಿ ಇರುವ ಫಿಸಿಯೋಥೆರಪಿಸ್ಟ್ ಕಲಿಸಿದರೆ ಒಳ್ಳೆಯದು.

ನೋವು ಹಳೆಯದಾದಷ್ಟೂ ಬೆನ್ನುಹುರಿ, ಮೆದುಳಿನ ನರಗಳೇ ಅತಿಚುರುಕಾಗಬಹುದು. ಆಗ ಸಣ್ಣ ಒತ್ತಡವೂ ನೋವಾಗಿ ಕೇಳಿಸುತ್ತದೆ, ಮೂತ್ರಕೋಶ, ಕರುಳು ಕೂಡ ಸೇರಿಕೊಳ್ಳುತ್ತವೆ. ಇದು ಕಲ್ಪನೆಯಲ್ಲ, ನರಮಂಡಲದಲ್ಲಿ ಆಗುವ ನಿಜವಾದ ಬದಲಾವಣೆ.

"ಒಳಗೆ ಅಂಟಿಕೊಂಡಿದೆಯಂತೆ, ಬಿಡಿಸಿಬಿಡಿ ಡಾಕ್ಟ್ರೇ" ಎಂದು ಕೇಳುವವರು ಬಹಳ. ಆಪರೇಷನ್ ಆದ ಹೊಟ್ಟೆಯಲ್ಲಿ ಅಂಟಿಕೆಗಳು, ಅಂದರೆ ಒಳಗಿನ ಅಂಗಗಳನ್ನು ಒಂದಕ್ಕೊಂದು ಅಂಟಿಸುವ ಗಾಯದ ಎಳೆಗಳು, ಸಾಮಾನ್ಯ; ಎಷ್ಟೋ ಜನರಿಗೆ ಅವು ಏನೂ ಮಾಡುವುದಿಲ್ಲ. ನೆದರ್ಲೆಂಡ್ಸ್‌ನಲ್ಲಿ ದೀರ್ಘಕಾಲದ ಹೊಟ್ಟೆನೋವಿದ್ದವರ ಮೇಲೆ ನಡೆದು 2003ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ, ಅಂಟಿಕೆ ಬಿಡಿಸಿದವರಿಗೂ ಬರೀ ಕ್ಯಾಮೆರಾ ಹಾಕಿ ನೋಡಿದವರಿಗೂ ನೋವು ಹೆಚ್ಚುಕಡಿಮೆ ಒಂದೇ ಥರ ತಗ್ಗಿತ್ತು. ಅಂಟಿಕೆಯಿಂದ ಕರುಳು ಕಟ್ಟಿಕೊಂಡರೆ ಮಾತು ಬೇರೆ. ಬರೀ ನೋವಿಗೆ ಅಂತ ಎರಡನೇ ಆಪರೇಷನ್ ಮಾಡಿಸುವ ಮುಂಚೆ, ಹೊಟ್ಟೆಯ ಗೋಡೆ ಮತ್ತು ಕೆಳಗಿನ ಸ್ನಾಯುಗಳನ್ನು ಯಾರಾದರೂ ಕೈಯಿಂದ ಮುಟ್ಟಿ ನೋಡಿದ್ದಾರಾ ಅಂತ ಕೇಳಿಕೊಳ್ಳಿ.

ಔಷಧದಲ್ಲೂ ಹಾಗೇ. ನರದ ನೋವಿಗೆ ರಾತ್ರಿ ಕಡಿಮೆ ಡೋಸ್ ಅಮಿಟ್ರಿಪ್ಟಿಲಿನ್ ಕೆಲವರಿಗೆ ಕೆಲಸ ಮಾಡುತ್ತದೆ. ನರದ ನೋವಿಗೇ ಕೊಡುವ ಇನ್ನೊಂದು ಮಾತ್ರೆ ಗ್ಯಾಬಾಪೆಂಟಿನ್ ಎಲ್ಲರಿಗೂ ಅಲ್ಲ. ಸ್ಪಷ್ಟ ಕಾರಣ ಕಾಣದ ಕಿಬ್ಬೊಟ್ಟೆ ನೋವಿನ 306 ಮಹಿಳೆಯರ ಮೇಲೆ ಬ್ರಿಟನ್ನಿನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದು ಹುಸಿ ಮಾತ್ರೆಗಿಂತ ಮೇಲಾಗಲಿಲ್ಲ, ತಲೆಸುತ್ತು ಮಾತ್ರ ಜಾಸ್ತಿ. ಟ್ರಮಡಾಲ್‌ನಂಥ ಬಲವಾದ ನೋವಿನ ಮಾತ್ರೆಗಳು ಮಲಬದ್ಧತೆ ತರುತ್ತವೆ. ಮುಕ್ಕರಿಸಿದಷ್ಟೂ ಆ ಸ್ನಾಯುಗಳಿಗೆ ಇನ್ನಷ್ಟು ಪೆಟ್ಟು.

ಜ್ವರ, ದುರ್ವಾಸನೆಯ ಸ್ರಾವ, ರಕ್ತ, ಊದಿದ ಒಂದು ಕಾಲು, ವಾಂತಿಯೊಂದಿಗೆ ಉಬ್ಬಿದ ಹೊಟ್ಟೆ, ಮೂತ್ರ ಕಟ್ಟುವುದು ಅಥವಾ ಕೂರುವ ಜಾಗವೇ ಮರಗಟ್ಟುವುದು ಕಂಡರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಉಳಿದಂತೆ, ನೋವು ಕಡಿಮೆ ಇರುವ ದಿನ ಬಾಕಿ ಕೆಲಸವನ್ನೆಲ್ಲ ಮುಗಿಸಲು ಹೋಗಬೇಡಿ. ಆ ದುಡಿತವೇ ಮುಂದಿನ ಎರಡು ದಿನ ಹಾಸಿಗೆ ಹಿಡಿಸುತ್ತದೆ ಅಲ್ವಾ? ನೋವು ಏರುವ ಮುಂಚೆಯೇ ನಿಲ್ಲಿಸಿ. ಸಂಗ ನೋಯುತ್ತಿದ್ದರೆ ಸಂಗಾತಿಗೆ ಬಾಯಿಬಿಟ್ಟು ಹೇಳಿ, ಹಲ್ಲು ಕಚ್ಚಿ ಸಹಿಸಿದರೆ ಸ್ನಾಯು ಮತ್ತೂ ಬಿಗಿಯುತ್ತದೆ. ಅಂಡಾಶಯವನ್ನೂ ತೆಗೆದಿದ್ದರೆ ಒಣಗಿದ ಯೋನಿಗೆ ಈಸ್ಟ್ರೋಜೆನ್ ಕ್ರೀಮ್ ನಿಮಗೆ ಆಗುತ್ತದಾ ಎಂದು ವೈದ್ಯರನ್ನು ಕೇಳಿ. ಚಿಕಿತ್ಸೆ ಶುರುವಾದ ಮೇಲೆ ನೋವಿನ ಅಂಕಿಯನ್ನೇ ದಿನಾ ಅಳೆಯುತ್ತಾ ಕೂರಬೇಡಿ. ಎಷ್ಟು ಹೊತ್ತು ಕೂರಲಾಯಿತು, ರಾತ್ರಿ ಎಷ್ಟು ಸಲ ಎಚ್ಚರವಾಯಿತು ಎಂದು ಬರೆದಿಡಿ. ಎಷ್ಟೋ ಜನರಲ್ಲಿ ಮೊದಲು ಸುಧಾರಿಸುವುದು ಅವೇ.