ನರೇಂದ್ರದ ಗ್ರಿಡ್‌ನಿಂದ ಬ್ಯಾಡಗಿಯ ಟಿಸಿವರೆಗೆ: ವಿದ್ಯುತ್ ಜಾಲದಲ್ಲಿ ಖಾಸಗಿ ಬಂಡವಾಳ ಎಲ್ಲಿ ನಿಲ್ಲುತ್ತದೆ?

ವಿದ್ಯುತ್ತನ್ನು ಖಾಸಗಿಯವರಿಗೆ ಕೊಡುವ ಮಾತು ಬಂದಾಗಲೆಲ್ಲ ಹುಬ್ಬಳ್ಳಿ-ಧಾರವಾಡದ ವ್ಯಾಪಾರಸ್ಥರಲ್ಲಿಯೂ ಗದಗ, ಹಾವೇರಿಯ ರೈತರಲ್ಲಿಯೂ ಎರಡು ನಂಬಿಕೆಗಳು ಬಲವಾಗಿ ಕೇಳಿಬರುತ್ತವೆ. ಮೊಬೈಲಿನ ಸಿಮ್ ಬದಲಿಸಿದ ಹಾಗೆ ಕರೆಂಟಿನ ಕಂಪನಿಯನ್ನೂ ಬದಲಿಸಬಹುದು, ಪೈಪೋಟಿ ಹೆಚ್ಚಿ ದರ ತಾನಾಗಿಯೇ ಇಳಿಯುತ್ತದೆ ಎಂಬುದು ಒಂದು. ಖಾಸಗಿಯವರು ಇನ್ನೂ ನಮ್ಮ ಕಡೆ ಕಾಲಿಟ್ಟಿಲ್ಲ, ಇಟ್ಟ ದಿನ ಎಲ್ಲವೂ ಮುಗಿದಂತೆ ಎಂಬುದು ಇನ್ನೊಂದು. ಎರಡೂ ತಪ್ಪು. ತಂತಿಯೊಳಗೆ ಏನು ನಡೆಯುತ್ತದೆ ಎಂಬುದನ್ನು ಬಿಡಿಸಿ ಹೇಳದೆ ಪರ-ವಿರೋಧದ ಭಾಷಣಗಳನ್ನಷ್ಟೇ ಮಾಡುತ್ತ ಬಂದದ್ದರಿಂದ ಈ ತಪ್ಪುಗಳು ಇಷ್ಟು ಗಟ್ಟಿಯಾಗಿ ಉಳಿದಿವೆ.

ಎರಡನೆಯ ನಂಬಿಕೆಯನ್ನು ಮೊದಲು ನೋಡೋಣ. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ ಕೇಂದ್ರ ಸರ್ಕಾರಿ ಸ್ವಾಮ್ಯದ ಎನ್‌ಟಿಪಿಸಿಯ 2,400 ಮೆಗಾವ್ಯಾಟ್ ಸಾಮರ್ಥ್ಯದ ಸ್ಥಾವರವಿದೆ. ಅಲ್ಲಿನ ವಿದ್ಯುತ್ತನ್ನು ಧಾರವಾಡದ ಕಡೆಯ ಹೊಸ ನರೇಂದ್ರ ಉಪಕೇಂದ್ರಕ್ಕೆ, ಅಲ್ಲಿಂದ ಮಧುಗಿರಿಗೆ, ಮುಂದೆ ಬಿಡದಿಗೆ ಒಯ್ಯುವ ಮಾರ್ಗಗಳನ್ನು ಟೆಂಡರಿನಲ್ಲಿ ಗೆದ್ದು ಕಟ್ಟಿದ್ದು ಎಲ್ ಅಂಡ್ ಟಿ ಸಮೂಹದ ಕಂಪನಿ. ಗದಗ ಮತ್ತು ಕೊಪ್ಪಳ ಭಾಗದ ಗಾಳಿ, ಬಿಸಿಲಿನ ವಿದ್ಯುತ್ತನ್ನು ಅದೇ ನರೇಂದ್ರಕ್ಕೆ ತರುವ 400 ಕಿಲೋವೋಲ್ಟ್ ಮಾರ್ಗಗಳ ಟೆಂಡರು ರಿನ್ಯೂ ಸಮೂಹದ ಪಾಲಾಯಿತು. ನರೇಂದ್ರದಿಂದ ಗೋವಾದ ಶೆಲ್ಡೆಂಗೆ ಘಟ್ಟ ದಾಟಿ ಹೋಗಬೇಕಾದ, ಕಾಡಿನ ಕಾರಣಕ್ಕೆ ಸುಪ್ರೀಂ ಕೋರ್ಟ್‌ವರೆಗೂ ಹೋದ ಮಾರ್ಗ ಸ್ಟೆರ್ಲೈಟ್ ಕಂಪನಿ ಗೆದ್ದ ಗೋವಾ-ತಮ್ನಾರ್ ಯೋಜನೆಯ ಭಾಗ. ಹೊಲದ ನಡುವೆ ಸಾಲಾಗಿ ನಿಂತ ಎತ್ತರದ ಟವರುಗಳನ್ನು ಕಂಡು ಎಲ್ಲವೂ ಸರ್ಕಾರದ್ದೇ ಎಂದುಕೊಳ್ಳುವ ಕಾಲ ಹಿಂದೆ ಸರಿದು ಬಹಳ ವರ್ಷಗಳಾದವು.

ಹುಬ್ಬಳ್ಳಿಯ ಮಟ್ಟಿಗಂತೂ ಖಾಸಗಿ ವಿದ್ಯುತ್ ಸ್ವಾತಂತ್ರ್ಯಕ್ಕಿಂತ ಹಳೆಯದು. ನಮ್ಮ ಭಾಗ ಮುಂಬೈ ಪ್ರಾಂತ್ಯದಲ್ಲಿದ್ದಾಗ ಊರಿಗೆ ವಿದ್ಯುತ್ ಪೂರೈಸುವ ಪರವಾನಗಿ ಹುಬ್ಳಿ ಎಲೆಕ್ಟ್ರಿಸಿಟಿ ಕಂಪನಿಯದಾಗಿತ್ತು. 1910ರ ವಿದ್ಯುತ್ ಕಾಯ್ದೆಯ ಪ್ರಕಾರ ಕಂಪನಿ ತನ್ನ ಹೊಣೆಯನ್ನು ನಿಭಾಯಿಸಿಲ್ಲವೆಂದು ಪ್ರಾಂತೀಯ ಸರ್ಕಾರ ಆ ಪರವಾನಗಿಯನ್ನು ರದ್ದುಪಡಿಸಿತು. ಕಂಪನಿ ನ್ಯಾಯಾಲಯಕ್ಕೆ ಹೋಯಿತು. ಮೊಕದ್ದಮೆ ಆಗಿನ ಕೊನೆಯ ಮೇಲ್ಮನವಿ ನ್ಯಾಯಾಲಯವಾದ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೂ ಏರಿತು. ಕಂಪನಿ ನಿಜವಾಗಿಯೂ ತಪ್ಪಿತೇ ಎಂಬುದನ್ನು ನ್ಯಾಯಾಲಯ ಅಳೆಯಬೇಕಿಲ್ಲ, ತಪ್ಪಿದೆ ಎಂಬ ಅಭಿಪ್ರಾಯ ಸರ್ಕಾರಕ್ಕೆ ಇತ್ತೇ ಎಂಬುದಷ್ಟೇ ಪ್ರಶ್ನೆ ಎಂದು ಅಲ್ಲಿ ತೀರ್ಪಾಯಿತು. ಸರ್ಕಾರದ ‘ಅಭಿಪ್ರಾಯ’ಕ್ಕೆ ಎಷ್ಟು ತೂಕವಿರಬೇಕು ಎಂಬ ಚರ್ಚೆಯಲ್ಲಿ ಆಮೇಲಿನ ಭಾರತೀಯ ನ್ಯಾಯಾಲಯಗಳೂ ಹುಬ್ಬಳ್ಳಿಯ ಈ ಮೊಕದ್ದಮೆಯನ್ನು ಉಲ್ಲೇಖಿಸಿವೆ. ಊರೊಳಗಿನ ತಂತಿಯನ್ನು ಖಾಸಗಿಯವರ ಕೈಯಲ್ಲಿಟ್ಟು ಸರಿಯಾದ ಸೇವೆಯನ್ನು ಹೇಗೆ ಪಡೆಯುವುದು ಎಂಬ ತೊಡಕು ನಮ್ಮಲ್ಲಿ ಎಷ್ಟು ಹಳೆಯದು ಎಂಬುದು ಇದರಿಂದ ತಿಳಿಯುತ್ತದೆ.

ಈಗ ಮೊದಲನೆಯ ನಂಬಿಕೆಗೆ ಬರೋಣ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ಮಾರ್ಗ ಚಾಲನೆಗೊಂಡ ಮೇಲೆ ದಕ್ಷಿಣ ಭಾರತದ ಜಾಲ ಉಳಿದ ದೇಶದ ಜಾಲದೊಂದಿಗೆ ಬೆಸೆದುಕೊಂಡಿತು. ಈಗ ಶರಾವತಿ, ರಾಯಚೂರು, ಕೂಡಗಿ, ಗದಗದ ಗಾಳಿಯಂತ್ರ ಎಲ್ಲವೂ ದೇಶದ ಉಳಿದ ಸ್ಥಾವರಗಳೊಂದಿಗೆ 50 ಹರ್ಟ್ಸ್‌ನ ಒಂದೇ ತಾಳಕ್ಕೆ ವಿದ್ಯುತ್ ಕೊಡುತ್ತವೆ. ಹತ್ತು ಹಳ್ಳಗಳ ನೀರು ಬಂದು ಬಿದ್ದ ಕೆರೆಯಲ್ಲಿ ಕೊಡ ಮುಳುಗಿಸಿದವರು ಇದು ಯಾವ ಹಳ್ಳದ ನೀರು ಎಂದು ಹೇಳಲಾರರು. ವಿದ್ಯುತ್ತಿನ ಸ್ಥಿತಿಯೂ ಅದೇ: ಅದು ಪ್ರತಿ ಕ್ಷಣವೂ ಮಾರ್ಗಗಳ ತಡೆಯನ್ನು ನೋಡಿಕೊಂಡು ಹಂಚಿಹೋಗುತ್ತದೆಯೇ ಹೊರತು ಖರೀದಿ ಕರಾರಿನಲ್ಲಿ ಯಾರ ಸಹಿಯಿದೆ ಎಂಬುದನ್ನು ನೋಡುವುದಿಲ್ಲ. ಆದ್ದರಿಂದ ಒಂದು ಬೀದಿಯಲ್ಲಿ ಮೂರು ಕಂಪನಿಗಳು ಕರೆಂಟು ಮಾರಿದರೂ ಕಂಬ ಅದೇ, ತಂತಿ ಅದೇ, ವೋಲ್ಟೇಜು ಅದೇ. ಮಳೆಗಾಲದಲ್ಲಿ ತಂತಿ ಹರಿದರೆ ಮೂವರ ಗಿರಾಕಿಗಳೂ ಒಟ್ಟಿಗೆ ಕತ್ತಲಲ್ಲಿ ಕೂರಬೇಕು. ಪೈಪೋಟಿ ನಡೆಯುವುದು ಎಲ್ಲಿಂದ ಕೊಂಡರು, ಯಾರಿಗೆ ಬಿಲ್ಲು ಮಾಡಿದರು ಎಂಬ ಲೆಕ್ಕದಲ್ಲಿ ಮಾತ್ರ. ಮುಂಬೈಯ ಉಪನಗರಗಳಲ್ಲಿ ಇದು ನಡೆದೂ ಇದೆ: 2008ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅಲ್ಲಿನ ಗ್ರಾಹಕರು ಒಂದು ಕಂಪನಿಯ ತಂತಿಯಲ್ಲೇ ಇದ್ದುಕೊಂಡು ಟಾಟಾ ಪವರ್‌ನ ಗಿರಾಕಿಗಳಾದರು ಮತ್ತು ತಂತಿಯ ಬಾಡಿಗೆಯನ್ನು ತಂತಿಯ ಒಡೆಯನಿಗೆ ಕಟ್ಟಿದರು.

2003ರ ವಿದ್ಯುತ್ ಕಾಯ್ದೆಯ ಪ್ರಕಾರ ಒಂದೇ ಪ್ರದೇಶದಲ್ಲಿ ಎರಡನೆಯ ವಿತರಕ ಬರಬೇಕಾದರೆ ತನ್ನದೇ ಜಾಲವನ್ನು ಹಾಕಿಕೊಳ್ಳಬೇಕು. ಇದ್ದ ಜಾಲವನ್ನೇ ಹಂಚಿಕೊಳ್ಳಲು ಬಿಡುವ ತಿದ್ದುಪಡಿ ಮಸೂದೆ 2022ರ ಆಗಸ್ಟ್‌ನಲ್ಲಿ ಲೋಕಸಭೆಗೆ ಬಂದು, ಸ್ಥಾಯಿ ಸಮಿತಿಗೆ ಹೋಗಿ, ಆ ಲೋಕಸಭೆಯ ಅವಧಿಯೊಂದಿಗೇ ಬಿದ್ದುಹೋಯಿತು; 2025ರ ಅಕ್ಟೋಬರ್‌ನ ಹೊಸ ಕರಡಿನಲ್ಲಿ ಅದೇ ವಿಚಾರ ಮತ್ತೆ ಕಾಣಿಸಿಕೊಂಡಿದೆ.

ಹಾಗಾದರೆ ಪ್ರಸರಣಕ್ಕೆ, ಅಂದರೆ ದೊಡ್ಡ ಟವರುಗಳ ಕೆಲಸಕ್ಕೆ ಖಾಸಗಿ ಬಂಡವಾಳ ಅಷ್ಟು ಸಲೀಸಾಗಿ ಬಂದದ್ದೇಕೆ, ಊರೊಳಗಿನ ವಿತರಣೆಯ ಹೊಸ್ತಿಲಲ್ಲಿ ಅದು ಹಿಂಜರಿಯುವುದೇಕೆ? ಕಾರಣ ಅಳತೆಯಲ್ಲಿದೆ. 2011ರ ಜನವರಿಯಿಂದ ಅಂತರರಾಜ್ಯ ಪ್ರಸರಣ ಮಾರ್ಗಗಳನ್ನು ಸಾಮಾನ್ಯವಾಗಿ ದರದ ಪೈಪೋಟಿಯ ಮೇಲೆ ಹಂಚಲಾಗುತ್ತದೆ. ಸರ್ಕಾರಿ ಸ್ವಾಮ್ಯದ ಪವರ್‌ಗ್ರಿಡ್ ಸಹ ಖಾಸಗಿಯವರ ಸಾಲಿನಲ್ಲಿ ನಿಂತೇ ಟೆಂಡರು ಹಾಕಬೇಕು. ಗೆದ್ದ ಕಂಪನಿಗೆ ಹಣ ಬರುವುದು ತಂತಿಯಲ್ಲಿ ಎಷ್ಟು ಕರೆಂಟು ಹರಿಯಿತು ಎಂಬುದರ ಮೇಲಲ್ಲ, ವರ್ಷದಲ್ಲಿ ಎಷ್ಟು ಹೊತ್ತು ಆ ಮಾರ್ಗ ಬಳಕೆಗೆ ಸಿದ್ಧವಾಗಿತ್ತು ಎಂಬುದರ ಮೇಲೆ. ಸಿದ್ಧತೆಯ ಗುರಿ ಶೇ. 98. ಎರಡು ತುದಿಗಳಿಗೆ ಎರಡು ಮೀಟರು, ಪ್ರತಿ 15 ನಿಮಿಷಕ್ಕೊಂದು ದಾಖಲೆ, ಬೆರಳೆಣಿಕೆಯ ಗಿರಾಕಿಗಳು, 35 ವರ್ಷಗಳ ಕರಾರು. ಬ್ಯಾಂಕು ಸಾಲ ಕೊಡಲು ಇದಕ್ಕಿಂತ ಹೆಚ್ಚೇನು ಬೇಕು? ಸಂಜೆ ಗಾಳಿ ಬೀಸದೆ ಗದಗದ ಯಂತ್ರಗಳು ನಿಂತರೂ ಮಾರ್ಗದ ಬಾಡಿಗೆ ನಿಲ್ಲುವುದಿಲ್ಲ. 2025ರ ಜೂನ್ 30ರ ಒಳಗೆ ಚಾಲನೆಗೊಂಡ ಗಾಳಿ ಮತ್ತು ಸೌರ ಯೋಜನೆಗಳ ವಿದ್ಯುತ್ತಿಗೆ ಅಂತರರಾಜ್ಯ ಪ್ರಸರಣ ಶುಲ್ಕದ ಪೂರ್ತಿ ವಿನಾಯಿತಿ ಇದ್ದುದರಿಂದ ಆ ಬಾಡಿಗೆಯ ಭಾರ ಜಾಲವನ್ನು ಬಳಸುವ ಉಳಿದವರ ಹೆಗಲಿಗೆ ಬಂತು. ಹಸಿರು ವಿದ್ಯುತ್ತಿಗೆ ಬೆಂಬಲ ಬೇಕೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಆ ಬೆಂಬಲದ ಹಣ ಎಲ್ಲಿಂದ ಬರುತ್ತದೆ ಎಂಬುದು ಗ್ರಾಹಕರಿಗೆ ಗೊತ್ತಿರಬೇಕು.

ವಿತರಣೆಯ ಕಥೆಯೇ ಬೇರೆ. ಇಲ್ಲಿ ತಂತಿಯೇ ವಿದ್ಯುತ್ತನ್ನು ತಿನ್ನುತ್ತದೆ, ಎಷ್ಟು ತಿನ್ನುತ್ತದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಬ್ಯಾಡಗಿ ತಾಲ್ಲೂಕಿನ ಯಾವುದಾದರೂ ಹೊಲದ ಬದಿಯ ಒಂದು ಟಿಸಿಯನ್ನು, ಅಂದರೆ ವೋಲ್ಟೇಜು ಇಳಿಸುವ ಟ್ರಾನ್ಸ್‌ಫಾರ್ಮರನ್ನು ಕಲ್ಪಿಸಿಕೊಳ್ಳಿ. ಅದರಿಂದ ಹೊರಟ ಎಲ್.ಟಿ. (ಕಡಿಮೆ ವೋಲ್ಟೇಜಿನ) ಲೈನಿನ ತುದಿಯಲ್ಲಿ, ಒಂದು ಕಿಲೋಮೀಟರ್ ಆಚೆ, 10 ಎಚ್.ಪಿ.ಯ ಆರು ಪಂಪ್‌ಸೆಟ್‌ಗಳು ಒಟ್ಟಿಗೆ ಓಡುತ್ತಿವೆ. ತ್ರೀ ಫೇಸ್ ಕೊಡುವ ಗಂಟೆಗಳು ಗೊತ್ತುಮಾಡಿದಷ್ಟೇ ಇರುವುದರಿಂದ ಎಲ್ಲರೂ ಒಮ್ಮೆಗೇ ಮೋಟಾರು ಹಾಕುವುದು ಸಹಜ. ಅವಕ್ಕೆಲ್ಲ ಸೇರಿ ಸುಮಾರು 50 ಕಿಲೋವ್ಯಾಟ್ ಬೇಕು. 415 ವೋಲ್ಟಿನಲ್ಲಿ, 0.8 ಪವರ್ ಫ್ಯಾಕ್ಟರಿನಲ್ಲಿ (ಎಳೆದ ಕರೆಂಟಿನಲ್ಲಿ ಕೆಲಸಕ್ಕೆ ಬರುವ ಪಾಲು) ಇದಕ್ಕೆ ಪ್ರತಿ ತಂತಿಯಲ್ಲಿ 87 ಆಂಪಿಯರ್ ಹರಿಯಬೇಕಾಗುತ್ತದೆ. ಅಂಥ ಅಲ್ಯೂಮಿನಿಯಂ ತಂತಿಯ ತಡೆ ಕಿಲೋಮೀಟರಿಗೆ ಅರ್ಧ ಓಮ್ ಎಂದಿಟ್ಟುಕೊಳ್ಳಿ. ಶಾಖವಾಗಿ ಹೋಗುವ ಶಕ್ತಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ: 87ರ ವರ್ಗವನ್ನು ಅರ್ಧದಿಂದ ಗುಣಿಸಿ, ಮೂರು ತಂತಿಗಳಿಗೆ ಮೂರರಿಂದ ಗುಣಿಸಿದರೆ 11 ಕಿಲೋವ್ಯಾಟ್ ದಾಟುತ್ತದೆ. ನೀರೆತ್ತಲು 50, ಗಾಳಿಯನ್ನು ಬಿಸಿ ಮಾಡಲು 11. ಅದೇ 50 ಕಿಲೋವ್ಯಾಟನ್ನು ಅದೇ ತಂತಿಯಲ್ಲಿ 11,000 ವೋಲ್ಟಿನಲ್ಲಿ ಒಯ್ದರೆ ಕರೆಂಟು ಮೂರು ಆಂಪಿಯರ್ ಚಿಲ್ಲರೆ, ನಷ್ಟ 16 ವ್ಯಾಟ್. ವೋಲ್ಟೇಜು 26 ಪಟ್ಟು ಹೆಚ್ಚಿದ್ದಕ್ಕೆ ನಷ್ಟ 700 ಪಟ್ಟು ಇಳಿಯಿತು. ಗಣಿತದಲ್ಲಿ ಸಾಮಾನ್ಯ ವರ್ಗ ಎನಿಸುವ ಈ ಸಂಬಂಧ ವಿದ್ಯುತ್ ಜಾಲದ ಇಡೀ ವಿನ್ಯಾಸವನ್ನು ನಿರ್ಧರಿಸಿದೆ ಎಂಬುದನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ. 1902ರಲ್ಲಿ ಮೈಸೂರು ಸಂಸ್ಥಾನ ಶಿವನಸಮುದ್ರದ ವಿದ್ಯುತ್ತನ್ನು ನೂರೈವತ್ತು ಕಿಲೋಮೀಟರಿನಷ್ಟು ದೂರದ ಕೋಲಾರದ ಚಿನ್ನದ ಗಣಿಗೆ ತಲುಪಿಸಲು ಸಾಧ್ಯವಾದದ್ದೂ ವೋಲ್ಟೇಜನ್ನು ಏರಿಸಿದ್ದರಿಂದಲೇ.

ನಷ್ಟ ಶಾಖಕ್ಕೇ ಮುಗಿಯುವುದಿಲ್ಲ. ಮೇಲಿನ ಲೈನಿನ ತುದಿಗೆ ಹೋಗುವಷ್ಟರಲ್ಲಿ ವೋಲ್ಟೇಜು 80-90ರಷ್ಟು ಬಿದ್ದಿರುತ್ತದೆ. 415ರ ಜಾಗದಲ್ಲಿ 330ರ ಆಸುಪಾಸು ಸಿಗುತ್ತದೆ. ವೋಲ್ಟೇಜು ಇಳಿದರೂ ಪಂಪು ಎತ್ತಬೇಕಾದ ಭಾರ ಹೆಚ್ಚುಕಡಿಮೆ ಅಷ್ಟೇ ಉಳಿಯುವುದರಿಂದ ಇಂಡಕ್ಷನ್ ಮೋಟಾರು ಹೆಚ್ಚು ಕರೆಂಟನ್ನು ಎಳೆಯುತ್ತದೆ. ಕರೆಂಟು ಕಾಲು ಪಾಲು ಹೆಚ್ಚಾದರೆ ಶಾಖ ಒಂದೂವರೆ ಪಟ್ಟು ಮೀರುತ್ತದೆ. ಮೋಟಾರಿನ ವೈಂಡಿಂಗ್ ಕರಗುತ್ತದೆ, ಟಿಸಿಯ ಎಣ್ಣೆ ಕಾಯುತ್ತದೆ, ಒಂದು ದಿನ "ಟಿಸಿ ಸುಟ್ಟೈತಿ" ಎಂಬ ಸುದ್ದಿ ಊರಿಗೆ ಬರುತ್ತದೆ. ಬೆಳೆ ಒಣಗುವ ಹೊತ್ತಿನಲ್ಲಿ ರೈತರು ವಂತಿಗೆ ಹಾಕಿಕೊಂಡು ಟ್ರ್ಯಾಕ್ಟರಿನಲ್ಲಿ ಟಿಸಿಯನ್ನು ಹೇರಿಕೊಂಡು ರಿಪೇರಿಗೆ ಹೋಗುವುದನ್ನು ಹಾವೇರಿ ಜಿಲ್ಲೆಯಲ್ಲಿ ನೋಡದವರಾರು? ಇದನ್ನು ಗ್ರಹಚಾರವೆಂದೋ ಲೈನ್‌ಮನ್‌ನ ಕೈಗುಣವೆಂದೋ ಹೇಳುವವರನ್ನು ಕಂಡಾಗ ತಾಳ್ಮೆ ಉಳಿಯುವುದಿಲ್ಲ. ಮೋಟಾರಿಗೊಂದು ಸರಿಯಾದ ಕೆಪಾಸಿಟರ್ ಹಾಕಿ ಪವರ್ ಫ್ಯಾಕ್ಟರನ್ನು 0.8ರಿಂದ 0.95ಕ್ಕೆ ತಂದರೆ ಲೈನಿನ ಶಾಖ ಶೇ. 30ರಷ್ಟು ಇಳಿಯುತ್ತದೆ. 11 ಕೆ.ವಿ. ಲೈನನ್ನೇ ಬಾವಿಯ ಹತ್ತಿರ ತಂದು, ಎರಡು ಮೂರು ಪಂಪುಗಳಿಗೊಂದು ಸಣ್ಣ ಟಿಸಿ ಕೂರಿಸಿದರೆ ನಷ್ಟದ ಬಹುಪಾಲು ಮಾಯವಾಗುತ್ತದೆ. ಸಣ್ಣ ಟಿಸಿಗಳು ಹೆಚ್ಚಾದಷ್ಟೂ ಅವುಗಳ ಕಬ್ಬಿಣದ ತಿರುಳಿನ ನಷ್ಟ ಹಗಲು ರಾತ್ರಿ ನಡೆದೇ ಇರುತ್ತದೆ ಎಂಬುದನ್ನು ಎಂಜಿನಿಯರರು ಲೆಕ್ಕಕ್ಕೆ ಹಿಡಿಯಬೇಕು, ಅಷ್ಟೇ.

ಬಂಡವಾಳ ಹಿಂಜರಿಯುವುದು ಇಲ್ಲಿಯೇ. ಟಿಸಿಯೊಳಗೆ ಹೋದ ಯೂನಿಟ್ಟಿಗೂ ಬಿಲ್ಲಾದ ಯೂನಿಟ್ಟಿಗೂ ಇರುವ ಅಂತರದಲ್ಲಿ ಮೂರು ಸಂಗತಿಗಳು ಕಲಸಿಹೋಗಿವೆ: ಶಾಖ, ಕಳವು ಮತ್ತು ಮೀಟರಿಲ್ಲದ ಉಚಿತ ಬಳಕೆ. ಕರ್ನಾಟಕದಲ್ಲಿ 10 ಎಚ್.ಪಿ.ವರೆಗಿನ ಪಂಪ್‌ಸೆಟ್‌ಗೆ ವಿದ್ಯುತ್ ಉಚಿತ. ಅದರ ಹಣವನ್ನು ಸರ್ಕಾರ ಸಬ್ಸಿಡಿಯಾಗಿ ಕಂಪನಿಗೆ ಕೊಡುತ್ತದೆ. ಆದರೆ ಬಹುಪಾಲು ಪಂಪುಗಳಿಗೆ ಮೀಟರು ಇಲ್ಲದ್ದರಿಂದ ಬಳಕೆ ಅಂದಾಜಿನದು. ಕಳವನ್ನು ಪಂಪಿನ ಲೆಕ್ಕಕ್ಕೆ ಬರೆದರೆ ಸಬ್ಸಿಡಿ ಉಬ್ಬುತ್ತದೆ, ಪಂಪಿನ ಬಳಕೆಯನ್ನು ಕಡಿಮೆ ಹಿಡಿದರೆ ನಷ್ಟ ಉಬ್ಬುತ್ತದೆ. ಈ ಕಲಸುಮೇಲೋಗರವನ್ನು ಬಿಡಿಸದೆ ಯಾರ ಕೈಗೆ ಕೊಟ್ಟರೂ ಅವರು ತಮಗೆ ಅನುಕೂಲವಾದ ಲೆಕ್ಕವನ್ನೇ ತೋರಿಸುತ್ತಾರೆ.

ಒಡಿಶಾ 1999ರಲ್ಲಿ ವಿತರಣೆಯನ್ನು ಖಾಸಗಿಯವರಿಗೆ ಕೊಟ್ಟಿತು. ಅದೇ ವರ್ಷದ ಅಕ್ಟೋಬರ್‌ನ ಮಹಾ ಚಂಡಮಾರುತ ಕಂಬಗಳನ್ನು ಮಲಗಿಸಿತು. ಒಂದು ಪ್ರದೇಶವನ್ನು ವಹಿಸಿಕೊಂಡಿದ್ದ ಅಮೆರಿಕದ ಎಇಎಸ್ 2001ರಲ್ಲಿ ಕೈಬಿಟ್ಟು ಹೋಯಿತು. ಉಳಿದ ಮೂರರ ಪರವಾನಗಿ 2015ರಲ್ಲಿ ರದ್ದಾಯಿತು. 2020-21ರಲ್ಲಿ ನಾಲ್ಕೂ ಪ್ರದೇಶಗಳು ಟಾಟಾ ಪವರ್ ಕೈಗೆ ಬಂದವು. ದೆಹಲಿಯದು ಬೇರೆ ಹಾದಿ. 2002ರ ಜುಲೈನಲ್ಲಿ ಖಾಸಗೀಕರಣವಾದಾಗ ಅಲ್ಲಿನ ನಷ್ಟ ಅರ್ಧಕ್ಕಿಂತ ಹೆಚ್ಚಿತ್ತು, ಈಗ ಶೇ. 10ಕ್ಕಿಂತ ಕಡಿಮೆ. ಕೊಕ್ಕೆ ಹಾಕಲಾಗದ ಹೊದಿಕೆಯ ಕೇಬಲ್ಲು, ಎಲೆಕ್ಟ್ರಾನಿಕ್ ಮೀಟರು, ಹೊಸ ಟಿಸಿಗಳು ಆ ಕೆಲಸವನ್ನು ಮಾಡಿದವು. ಆದರೆ ದರಕ್ಕೆ ಸೇರಿಸದೆ ಮುಂದೂಡುತ್ತ ಬಂದ ಬಾಕಿ 27,000 ಕೋಟಿ ರೂಪಾಯಿ ದಾಟಿ, 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅಂಥ ಬಾಕಿಗಳನ್ನು ತೀರಿಸಲು ಗಡುವು ವಿಧಿಸಬೇಕಾಯಿತು. ದೆಹಲಿಯನ್ನು ಮಾದರಿಯೆಂದು ಹುಬ್ಬಳ್ಳಿಯ ಸಭೆಗಳಲ್ಲಿ ಹೊಗಳುವವರು ಒಂದು ವ್ಯತ್ಯಾಸವನ್ನು ಮರೆಯಬಾರದು: ದೆಹಲಿ ಬಹುಮಟ್ಟಿಗೆ ಪೇಟೆ, ಪಂಪ್‌ಸೆಟ್ ಅಲ್ಲಿ ಲೆಕ್ಕಕ್ಕಿಲ್ಲ. ನಮ್ಮ ಭಾಗಕ್ಕೆ ವಿದ್ಯುತ್ ಹಂಚುವ ಸರ್ಕಾರಿ ಕಂಪನಿ ಹೆಸ್ಕಾಂನ ವ್ಯಾಪ್ತಿ ಏಳು ಜಿಲ್ಲೆಗಳದು. ಹುಬ್ಬಳ್ಳಿ-ಧಾರವಾಡದಂಥ ಬಿಲ್ಲು ಕಟ್ಟುವ ಪೇಟೆಗಳನ್ನು ಮಾತ್ರ ಆರಿಸಿ ಖಾಸಗಿಯವರಿಗೆ ಕೊಟ್ಟರೆ ಬ್ಯಾಡಗಿಯ, ರೋಣದ ಲೈನುಗಳ ಖರ್ಚಿಗೆ ಆಸರೆಯಾಗಿದ್ದ ಹಣ ಕೈತಪ್ಪುತ್ತದೆ. ನನ್ನ ದೊಡ್ಡ ಆತಂಕ ಇದೇ.

ಸರ್ಕಾರ ಅಥವಾ ದೊಡ್ಡ ಕಂಪನಿ ಎಂಬ ಎರಡೇ ದಾರಿಗಳಿವೆ ಎಂದೂ ತಿಳಿಯಬೇಕಿಲ್ಲ. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಲ್ಲಿ ಆರಂಭವಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹೆಸ್ಕಾಂನಿಂದ ಸಗಟಾಗಿ ವಿದ್ಯುತ್ ಕೊಂಡು ತನ್ನ ಸದಸ್ಯರಿಗೆ ಹಂಚುತ್ತ ಬಂದಿದೆ. ಸಂಘಕ್ಕೆ ಹೋಗುವ ಯೂನಿಟ್ಟುಗಳು ಅಳತೆಯಾಗಿಯೇ ಹೋಗುತ್ತವೆ. ಮಹಾರಾಷ್ಟ್ರದ ಭಿವಂಡಿಯಲ್ಲಿ 2007ರಿಂದ ಟೊರೆಂಟ್ ಪವರ್ ನಡೆಸುತ್ತಿರುವ ಫ್ರಾಂಚೈಸಿಯ ತಿರುಳೂ ಇದೇ: ಊರೊಳಗೆ ಬಂದ ಯೂನಿಟ್ಟಿಗೆ ಕಂಪನಿ ಹಣ ಕಟ್ಟಬೇಕು, ಒಳಗೆ ಸೋರಿದ್ದು ಅದರದೇ ನಷ್ಟ.

ಹೆಸ್ಕಾಂನ ದರ ಅರ್ಜಿಯ ಮೇಲೆ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ ತೀರ್ಮಾನಕ್ಕೆ ಬರುವ ಮುನ್ನ ಸಾರ್ವಜನಿಕರ ಆಕ್ಷೇಪಣೆಗಳನ್ನು ಕರೆಯುತ್ತದೆ, ವಿಚಾರಣೆ ನಡೆಸುತ್ತದೆ. ಅಲ್ಲಿ ಹೆಚ್ಚಾಗಿ ಯೂನಿಟ್ಟಿಗೆ ಎಷ್ಟು ಪೈಸೆ ಎಂಬುದರ ಮೇಲೆಯೇ ಮಾತು ಮುಗಿಯುತ್ತದೆ. ನಮ್ಮ ತಾಲ್ಲೂಕಿನಲ್ಲಿ ಎಷ್ಟು ಟಿಸಿಗಳಿಗೆ ಮೀಟರು ಇದೆ, ಅವುಗಳಲ್ಲಿ ಎಷ್ಟು ಓಡುತ್ತಿವೆ, ಪ್ರತಿ ಫೀಡರಿನ (ಉಪಕೇಂದ್ರದಿಂದ ಹೊರಡುವ ಲೈನಿನ) ಒಳಹರಿವು ಮತ್ತು ಬಿಲ್ಲಿನ ಅಂತರವೆಷ್ಟು ಎಂಬ ಮೂರು ಅಂಕಿಗಳನ್ನು ರೈತ ಸಂಘಗಳೂ ವಾಣಿಜ್ಯೋದ್ಯಮಿಗಳೂ ಜೊತೆಯಾಗಿ ಲಿಖಿತವಾಗಿ ಕೇಳಲಿ. ಪರವಾನಗಿಯ ಮೇಲೆ ಯಾರ ಹೆಸರಿರಬೇಕು ಎಂಬ ವಾದವನ್ನು ಆ ಅಂಕಿಗಳನ್ನು ಮುಂದಿಟ್ಟುಕೊಂಡು ನಡೆಸಬಹುದು.