ಕಂಬದ ಡಬ್ಬಿಯಿಂದ ಸಿಮ್ ಬಾಕ್ಸ್‌ವರೆಗೆ

ಹುಬ್ಬಳ್ಳಿ-ಧಾರವಾಡದಲ್ಲಿ ಈಗ ಫೋನ್ ವಂಚನೆ ಅಂದರೆ ಡಿಜಿಟಲ್ ಅರೆಸ್ಟ್, ಒಟಿಪಿ, ಸುಳ್ಳು ಕೆವೈಸಿ. ಲ್ಯಾಂಡ್‌ಲೈನ್ ಕಾಲದಲ್ಲಿ ಕಳ್ಳರು ನಮ್ಮ ಜತೆ ಮಾತಾಡುವ ಅಗತ್ಯವೇ ಇರಲಿಲ್ಲ.

ಕಂಬದ ಡಬ್ಬಿಯಲ್ಲಿ ನಿಮ್ಮ ಎರಡು ತಂತಿಗೆ ಇನ್ನೊಂದು ಫೋನ್ ಸಿಕ್ಕಿಸಿದರೆ ಸಾಕಿತ್ತು. ಎಸ್‌ಟಿಡಿ (ಬೇರೆ ಊರಿನ ಕರೆ) ಮಾತು ಅವರದು, ಬಿಲ್ಲು ನಿಮ್ಮದು. ಹಳೆ ಎಕ್ಸ್‌ಚೇಂಜಿನಲ್ಲಿ ಪ್ರತಿ ಲೈನಿಗೂ ಒಂದು ಮೀಟರ್ ಇರುತ್ತಿತ್ತು. ಅದು ಎಷ್ಟು ಯೂನಿಟ್ ಓಡಿತು ಅಂತ ಮಾತ್ರ ತೋರಿಸುತ್ತಿತ್ತು. ಯಾವ ಊರಿಗೆ, ಎಷ್ಟು ಹೊತ್ತಿಗೆ ಕರೆ ಹೋಯಿತು ಅನ್ನುವ ದಾಖಲೆಯೇ ಇಲ್ಲ. ಹಾಗಿದ್ದಾಗ ‘ನಾನು ಮಾತಾಡಿಲ್ಲ’ ಅಂತ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ತೋರಿಸುವುದಾದರೂ ಹೇಗೆ? ಎಷ್ಟೋ ಮಂದಿ ಡಯಲ್‌ಗೆ ಪುಟ್ಟ ಬೀಗ ಹಾಕಿಕೊಂಡರು. ಬೀಗ ಮನೆಯೊಳಗಿನ ಫೋನಿಗೆ, ಕಳ್ಳತನ ಹೊರಗಿನ ತಂತಿಯಲ್ಲಿ.

1984ರಲ್ಲಿ ಸರ್ಕಾರದ ಟೆಲಿಫೋನ್ ತಂತ್ರಜ್ಞಾನ ಸಂಸ್ಥೆ ಸಿ-ಡಾಟ್ ಹುಟ್ಟಿತು. ಎಲೆಕ್ಟ್ರಾನಿಕ್ ಎಕ್ಸ್‌ಚೇಂಜುಗಳು ಬಂದವು. ಗುಪ್ತ ಸಂಖ್ಯೆ ಒತ್ತಿ ಎಸ್‌ಟಿಡಿ ಬಂದ್ ಮಾಡುವ ಅನುಕೂಲ ಸಿಕ್ಕಿತು. ಯಾವ ನಂಬರಿಗೆ ಎಷ್ಟು ಹೊತ್ತು ಅನ್ನುವ ಲೆಕ್ಕವೂ ಸಿಕ್ಕಿತು. ನನ್ನ ಪ್ರಕಾರ ನಿಜವಾದ ಬದಲಾವಣೆ ಈ ಲೆಕ್ಕದ್ದೇ.

ಆಮೇಲೆ ಮೊಬೈಲ್ ಬಂತು, ಇಂಟರ್ನೆಟ್ ಬಂತು, ಸಿಮ್ ಬಾಕ್ಸ್ ಬಂತು. ವಿದೇಶದ ಕರೆಯನ್ನು ಇಂಟರ್ನೆಟ್‌ನಲ್ಲಿ ತಂದು, ಹತ್ತಾರು ಸಿಮ್ ಇರುವ ಪೆಟ್ಟಿಗೆಯಿಂದ ಲೋಕಲ್ ಕರೆಯಾಗಿ ಬಿಡುತ್ತಾರೆ. ವಿದೇಶಿ ಕರೆಗೆ ಕಟ್ಟಬೇಕಾದ ಶುಲ್ಕ ತಪ್ಪುತ್ತದೆ. ನಿಮ್ಮ ಪರದೆ ಮೇಲೆ ಭಾರತದ ನಂಬರ್ ಕಾಣುತ್ತದೆ. ಇದನ್ನು ನೀವು ಹಿಡಿಯಲಾರಿರಿ. ಆದರೆ ನೆಟ್‌ವರ್ಕ್ ಹಿಡಿಯಬಲ್ಲದು. ಆ ಸಿಮ್‌ಗಳಿಂದ ದಿನಕ್ಕೆ ನೂರಾರು ಕರೆ ಹೊರಗೆ ಹೋಗುತ್ತವೆ, ಒಳಗೆ ಬರುವುದು ಬಹಳ ಕಮ್ಮಿ. ಅವು ಒಂದೇ ಟವರ್ ಕೆಳಗೆ ಕೂತಿರುತ್ತವೆ. ಇಂಥ ನಡವಳಿಕೆ ಮನುಷ್ಯನದ್ದಲ್ಲ ಅಂತ ಕರೆಗಳ ದಾಖಲೆಯೇ ಹೇಳುತ್ತದೆ, ಯಾರಾದರೂ ನೋಡಿದರೆ.

ನೋಡುವ ಕೆಲಸ ಜೋರಾಗಿದ್ದು ಇತ್ತೀಚೆಗೆ. ನಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಅಂತ ನಾವೇ ನೋಡಬಹುದಾದ ಸಂಚಾರ್ ಸಾಥಿ ಪೋರ್ಟಲ್ ಶುರುವಾಗಿದ್ದು 2023ರ ಮೇನಲ್ಲಿ. 2024ರ ಮಾರ್ಚ್‌ನಲ್ಲಿ ಸಂಶಯದ ಕರೆ ವರದಿ ಮಾಡಲು ಅದರಲ್ಲೇ ‘ಚಕ್ಷು’ ಬಂತು. ಅದೇ ವರ್ಷದ ಅಕ್ಟೋಬರ್‌ನಲ್ಲಿ, ಭಾರತದ ನಂಬರಿನ ವೇಷದಲ್ಲಿ ಹೊರಗಿಂದ ಬರುವ ಕರೆ ತಡೆಯುವ ವ್ಯವಸ್ಥೆ ಚಾಲೂ ಆಯಿತು. ಮೊದಲ 24 ಗಂಟೆಯಲ್ಲೇ ಸುಮಾರು 1.35 ಕೋಟಿ ಕರೆ ತಡೆದಿದ್ದಾಗಿ ಸರ್ಕಾರ ಹೇಳಿತು. ಅಷ್ಟೂ ಕರೆ ಅದಕ್ಕೆ ಮೊದಲು ಜನರ ಕಿವಿಗೇ ಬರುತ್ತಿದ್ದವು, ಅಲ್ವಾ? ಆಗೆಲ್ಲ ನಮಗೆ ಸಿಗುತ್ತಿದ್ದದ್ದು ‘ಎಚ್ಚರದಿಂದಿರಿ’ ಎಂಬ ಸಂದೇಶ.

ಈ ತಡೆ ಇರುವುದು ವಿದೇಶದ ಬಾಗಿಲಲ್ಲಿ. ದೇಶದೊಳಗೇ ಕೂತ ಸಿಮ್ ಬಾಕ್ಸ್‌ಗೆ ಅದು ತಾಗುವುದಿಲ್ಲ. ಅದನ್ನು ತಡೆಯಬೇಕಾದ್ದು ಸಿಮ್ ಮಾರುವ ಕೌಂಟರಿನಲ್ಲಿ. ಬೇರೆಯವರ ಗುರುತಿನಲ್ಲಿ ಸಿಮ್ ಪಡೆದರೆ 3 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ಅಂತ 2023ರ ದೂರಸಂಪರ್ಕ ಕಾಯ್ದೆ ಹೇಳುತ್ತದೆ. ಹಣ ಈಗಾಗಲೇ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.